ಗೇಲಾದಿಂದ ಗಯೇಲಾವರೆಗೆ: ಮುಂಬೈ ಮಾತಿನ ಭೂತಕಾಲದ ಲಕಾರ

ದಾದರಿನ ಮರಾಠಿಯಲ್ಲಿ ಹೋದವನು 'ಗೇಲಾ'. ಅದೇ ಊರಿನ ಕೊಂಕಣಿಗರಿಗೆ ಅವನು 'ಗೆಲೊ', ಭೋಜಪುರಿಯವರಿಗೆ 'ಗಇಲ್'. ಗುಜರಾತಿಯಲ್ಲಿ 'ಗಯೊ' ಎಂಬುದರ ಜೊತೆಗೆ 'ಗಯೇಲೊ' ಎಂಬ ಇನ್ನೊಂದು ರೂಪವಿದೆ. ಬೀದಿಯ ಬಂಬೈಯಾ ಹಿಂದಿಯಲ್ಲಿ ಅವನು 'ಗಯೇಲಾ ಹೈ'. ಉತ್ತರದ ಪುಸ್ತಕದ ಹಿಂದಿಯಲ್ಲಿ ಮಾತ್ರ ಲಕಾರವಿಲ್ಲದ ಬರಿಯ 'ಗಯಾ'. ಒಂದೇ ಶಹರದಲ್ಲಿ ಇಷ್ಟು ಭಾಷೆಗಳು ಕಳೆದ ಕಾಲವನ್ನು ಹೇಳಲು ಒಂದೇ ಅಕ್ಷರವನ್ನು ಹಿಡಿದುಕೊಂಡಿರುವುದು ಆಕಸ್ಮಿಕವೇ, ರಕ್ತಸಂಬಂಧವೇ, ನೆರೆಹೊರೆಯ ಕೊಳುಕೊಡೆಯೇ ಎಂಬ ಚರ್ಚೆ ಸುಮಾರು ನೂರೈವತ್ತು ವರ್ಷಗಳಿಂದ ನಡೆದಿದೆ. ಈ ಲಕಾರದ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದು ನಿಂತಿರುವುದು ಶ್ರವಣಬೆಳಗೊಳದಲ್ಲಿ. ಹಾಗಾಗಿ ಇದು ಮರಾಠಿಗರ ಮನೆಯೊಳಗಿನ ಮಾತಷ್ಟೇ ಆಗಿ ಉಳಿಯುವುದಿಲ್ಲ.

ಯುರೋಪಿನಲ್ಲಿ ಇಂಥದೇ ಪ್ರಶ್ನೆ ಜರ್ಮಾನಿಕ್ ಭಾಷೆಗಳ ಸುತ್ತ ಬೆಳೆಯಿತು. ಯಾಕೋಬ್ ಗ್ರಿಮ್ 1819ರ ತನ್ನ ವ್ಯಾಕರಣದಲ್ಲಿ ಕ್ರಿಯಾಪದಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಸಿಂಗ್, ಸ್ಯಾಂಗ್, ಸಂಗ್ ಎಂಬಂತೆ ಒಳಗಿನ ಸ್ವರವನ್ನೇ ಬದಲಿಸಿ ಭೂತಕಾಲ ಹೇಳುವವು ಬಲ ಕ್ರಿಯಾಪದಗಳು. ಕೊನೆಗೆ ದಕಾರ ಅಥವಾ ತಕಾರ ಅಂಟಿಸಿಕೊಳ್ಳುವವು ದುರ್ಬಲ ಕ್ರಿಯಾಪದಗಳು. ಬಲದವು ಪುರಾತನ, ದುರ್ಬಲದವು ಆಮೇಲೆ ಹುಟ್ಟಿದವು. ಆ ದಕಾರ ಎಲ್ಲಿಂದ ಬಂತು ಎಂಬುದು ಅಲ್ಲಿ ಇನ್ನೂ ವಾದದ ವಿಷಯ. ಮರಾಠಿಯಲ್ಲಿಯೂ ಕ್ರಿಯಾಪದಗಳು ಹೀಗೆಯೇ ಎರಡು ಸಾಲಾಗಿ ನಿಲ್ಲುತ್ತವೆ: ಬಸಲಾ, ಉಠಲಾ ಎಂಬ ನೇರ ರೂಪಗಳು ಒಂದು ಕಡೆ, ಕೇಲಾ, ಗೇಲಾ, ಮೇಲಾ, ಆಲಾ, ದಿಲಾ ಎಂಬ ಧಾತುವೇ ಗುರುತು ಸಿಗದಂತೆ ಮಾರ್ಪಟ್ಟ ರೂಪಗಳು ಇನ್ನೊಂದು ಕಡೆ. ಲಕಾರದ ಚರ್ಚೆಯಲ್ಲಿ ಎರಡು ಬೇರೆ ಪ್ರಶ್ನೆಗಳು ಕಲಸಿಹೋಗಿವೆ ಎಂಬುದು ಈ ಲೇಖನದ ವಾದ. ಪ್ರತ್ಯಯದ ಒಡಲು ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ. ಅದಕ್ಕೆ ಭೂತಕಾಲದ ಕೆಲಸ ಯಾರು ಒಪ್ಪಿಸಿದರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ, ಎರಡನೆಯದಕ್ಕೆ ಪೂರ್ತಿ ಸಿಕ್ಕಿಲ್ಲ.

ಕಲ್ಲು, ಕಥೆ, ಉಪನ್ಯಾಸ

ಗೊಮ್ಮಟೇಶ್ವರನ ಪಾದದ ಬಳಿ ಚಾವುಂಡರಾಯ ಮೂರ್ತಿಯನ್ನು ಮಾಡಿಸಿದ ಸಂಗತಿ ಮೂರು ಭಾಷೆಗಳಲ್ಲಿ ಕೆತ್ತಿದೆ. ಕನ್ನಡದಲ್ಲಿ 'ಮಾಡಿಸಿದಂ', ತಮಿಳಿನಲ್ಲಿ 'ಸೆಯ್ವಿತ್ತಾನ್', ಮರಾಠಿಯಲ್ಲಿ 'ಕರವಿಯಲೆಂ'. ಮೂರ್ತಿಯ ಕಾಲ 10ನೇ ಶತಮಾನದ ಕೊನೆ. ಮರಾಠಿ ಬರಹ ಆಗಲೇ ಕೆತ್ತಿದ್ದೋ, ಹೊಯ್ಸಳರ ದಂಡನಾಯಕ ಗಂಗರಾಜ ಸುತ್ತಾಲಯ ಕಟ್ಟಿಸಿದ 12ನೇ ಶತಮಾನದ ಆರಂಭದ್ದೋ ಎಂಬ ಬಗ್ಗೆ ಒಮ್ಮತವಿಲ್ಲ. ಅಲಿಬಾಗಿನ ಹತ್ತಿರದ ಅಕ್ಷಿಯ ಶಾಸನವೇ ಹಳೆಯದೆಂದು ವಾದಿಸುವವರಿದ್ದಾರೆ, ಅದರ ತೇದಿಯ ಮೇಲೂ ತಕರಾರಿದೆ. ಹಿರಿತನ ಯಾರದೇ ಇರಲಿ, ಬೆಳಗೊಳದ ಕಲ್ಲು ಒಂದನ್ನಂತೂ ಸಾಬೀತು ಮಾಡುತ್ತದೆ. ಕನ್ನಡ ತನ್ನ ದಕಾರದಿಂದ, ತಮಿಳು ತನ್ನ ತಕಾರದಿಂದ ಹೇಳಿದ್ದನ್ನು ಹೇಳಲು ಮರಾಠಿ ಆ ಹೊತ್ತಿಗೇ ಲಕಾರವನ್ನು ತನ್ನದಾಗಿ ಮಾಡಿಕೊಂಡಿತ್ತು.

ಅದಕ್ಕೂ ಹಿಂದಿನ ಸುಳಿವು ಉದ್ಯೋತನಸೂರಿಯ 'ಕುವಲಯಮಾಲಾ'ದಲ್ಲಿದೆ. ರಾಜಸ್ಥಾನದ ಜಾಲೋರಿನಲ್ಲಿ 779ರಲ್ಲಿ ಮುಗಿದ ಈ ಪ್ರಾಕೃತ ಕಥೆಯಲ್ಲಿ ಪೇಟೆಗೆ ಬಂದ ನಾನಾ ದೇಶದ ವರ್ತಕರ ಮಾತಿನ ಚೂರುಗಳನ್ನು ಕವಿ ಅಣಕಿಸಿ ಕೊಡುತ್ತಾನೆ. ಮರಾಠರ ಬಾಯಿಗೆ ಅವನು ಇಟ್ಟದ್ದು 'ಕೊಟ್ಟದ್ದು, ತೆಗೆದುಕೊಂಡದ್ದು' ಎಂಬ ಅರ್ಥದ ಲಕಾರದ ರೂಪಗಳನ್ನು. ಅಣಕ ನಗು ಬರಿಸಬೇಕಾದರೆ ಕೇಳುಗರಿಗೆ ಗುರುತು ಹತ್ತಬೇಕು. ಮರಾಠರೆಂದರೆ ಲಕಾರ ಎಂಬ ಗುರುತು 8ನೇ ಶತಮಾನಕ್ಕಾಗಲೇ ಹೊರನಾಡಿನವರಿಗೆ ಗೊತ್ತಿತ್ತೆಂದು ಇದರಿಂದ ತಿಳಿಯುತ್ತದೆ. ಈ ಗ್ರಂಥವನ್ನು ಸಂಪಾದಿಸಿದವರು ಬೆಳಗಾವಿ ಜಿಲ್ಲೆಯ ಸದಲಗಾದ ಆ. ನೇ. ಉಪಾಧ್ಯೆ. ಪ್ರಕಟವಾದದ್ದು ಮುಂಬೈಯ ಭಾರತೀಯ ವಿದ್ಯಾಭವನದ ಸಿಂಘಿ ಜೈನ ಗ್ರಂಥಮಾಲೆಯಲ್ಲಿ, 1959ರಲ್ಲಿ. ಅದೇ ಉಪಾಧ್ಯೆ 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಆಧುನಿಕ ಚರ್ಚೆಗೂ ಮುಂಬೈಯೇ ದೊಡ್ಡ ವೇದಿಕೆ. ಮುಂಬೈ ವಿಶ್ವವಿದ್ಯಾಲಯದ ವಿಲ್ಸನ್ ಭಾಷಾಶಾಸ್ತ್ರ ಉಪನ್ಯಾಸಮಾಲೆಯಲ್ಲಿ ರಾ. ಗೋ. ಭಾಂಡಾರಕರ್ 1877ರಲ್ಲಿ ಸಂಸ್ಕೃತ ಮತ್ತು ಅದರಿಂದ ಬೆಳೆದ ಭಾಷೆಗಳ ಬಗ್ಗೆ ಏಳು ಉಪನ್ಯಾಸ ಕೊಟ್ಟರು. ಜಾನ್ ಬೀಮ್ಸ್ ತನ್ನ ತೌಲನಿಕ ವ್ಯಾಕರಣದ ಮೂರು ಸಂಪುಟಗಳನ್ನು 1872ರಿಂದ 1879ರವರೆಗೆ ಹೊರತಂದ, ಹೋರ್ನ್ಲೆಯ ವ್ಯಾಕರಣ 1880ರಲ್ಲಿ ಬಂತು. ಗ್ರಿಯರ್ಸನ್ನನ ಭಾಷಾ ಸಮೀಕ್ಷೆಯ ಮರಾಠಿ ಸಂಪುಟವನ್ನು ಸ್ಟೆನ್ ಕೊನೊವ್ 1905ರಲ್ಲಿ ಸಿದ್ಧಪಡಿಸಿದ. ಫ್ರಾನ್ಸಿನ ಜೂಲ್ ಬ್ಲೋಕ್ ಮರಾಠಿ ಭಾಷೆಯ ರೂಪುಗೊಳ್ಳುವಿಕೆಯ ಮೇಲೆ ಬರೆದ ಗ್ರಂಥ 1920ರಲ್ಲಿ ಪ್ರಕಟವಾಯಿತು. ಈ ಐವತ್ತು ವರ್ಷಗಳಲ್ಲಿ ಚರ್ಚೆಯ ಮುಖ್ಯ ಪಂಥಗಳೆಲ್ಲ ಆಕಾರ ಪಡೆದವು.

ಮೊದಲ ಪಂಥ: ತಕಾರವೇ ಲಕಾರವಾಯಿತು

ಸಂಸ್ಕೃತದ ಗತ, ಕೃತ, ಮೃತ ಎಂಬ ಕೃದಂತಗಳ ತಕಾರವೇ ಸವೆದು ದಕಾರವಾಗಿ, ದಕಾರ ಮತ್ತೆ ಲಕಾರವಾಯಿತು ಎಂಬುದು ಮೊದಮೊದಲಿನ ಸರಳ ವಿವರಣೆ. ಹೊರಗಿನಿಂದ ಏನನ್ನೂ ತರಬೇಕಿಲ್ಲ, ಅರ್ಥವೂ ರೂಪವೂ ಒಂದೇ ಮೂಲದಿಂದ ಬಂದವೆಂದು ಹೇಳಬಹುದು, ಅದೇ ಇದರ ಸೊಗಸು. ಆದರೆ ಧ್ವನಿನಿಯಮಗಳು ಈ ಸೊಗಸಿಗೆ ಒಗ್ಗುವುದಿಲ್ಲ. ಪ್ರಾಕೃತದಲ್ಲಿ ಎರಡು ಸ್ವರಗಳ ನಡುವಿನ ತಕಾರ ಸಾಮಾನ್ಯವಾಗಿ ಲೋಪವಾಗುತ್ತದೆ. ಗತ ಎಂಬುದು ಗಅ ಅಥವಾ ಗಯ ಆಗುತ್ತದೆ, ಶತ ಎಂಬುದು ಸಅ ಆಗುತ್ತದೆ. ಮರಾಠಿಯಲ್ಲಿ ನೂರುಗಳನ್ನು ಎಣಿಸುವಾಗ ಬರುವ ಪದ 'ಶೇ', ಅಲ್ಲಿ ಲಕಾರದ ಸುಳಿವಿಲ್ಲ. ಕೃದಂತದಲ್ಲಿ ಮಾತ್ರ ತಕಾರ ಲಕಾರವಾಗಿ ಉಳಿದ ಎಲ್ಲ ಪದಗಳಲ್ಲಿ ಅಳಿಯಿತು ಎಂದರೆ ಅದು ನಿಯಮ ಎನಿಸದೆ ಬರಿಯ ಅನುಕೂಲವಾಗುತ್ತದೆ. ಈ ಪಂಥವನ್ನು ಇಂದು ಯಾರೂ ಹಿಡಿದುಕೊಂಡಿಲ್ಲ. ಆದರೆ ಅದು ಕಂಡ ಒಂದು ಸತ್ಯವನ್ನು ಬಿಡುವಂತಿಲ್ಲ: ಗೇಲಾದಲ್ಲಿ 'ಕಳೆದುಹೋದದ್ದು' ಎಂಬ ಅರ್ಥ ಬಂದದ್ದು ಹಳೆಯ ಗತದಿಂದಲೇ.

ಎರಡನೆಯ ಪಂಥ: ಪ್ರಾಕೃತದ ವಿಶೇಷಣ ಪ್ರತ್ಯಯ

ಕೊನೊವ್, ಬ್ಲೋಕ್ ಮೊದಲಾದವರು ಬೆಳೆಸಿ, ಸುನೀತಿಕುಮಾರ ಚಟರ್ಜಿ 1926ರ ತಮ್ಮ ಬಂಗಾಳಿ ಭಾಷಾಚರಿತ್ರೆಯಲ್ಲಿ ಗಟ್ಟಿಗೊಳಿಸಿದ ವಿವರಣೆ ಬೇರೆ. ಪ್ರಾಕೃತದಲ್ಲಿ 'ಇಲ್ಲ' ಎಂಬ ಪ್ರತ್ಯಯವೊಂದಿತ್ತು. 'ಅಲ್ಲಿರುವುದು, ಅದಕ್ಕೆ ಸೇರಿದ್ದು' ಎಂಬ ಅರ್ಥದಲ್ಲಿ ಅದು ನಾಮಪದಗಳಿಗೂ ಅವ್ಯಯಗಳಿಗೂ ಹತ್ತಿ ವಿಶೇಷಣಗಳನ್ನು ಮಾಡುತ್ತಿತ್ತು. 12ನೇ ಶತಮಾನದ ಹೇಮಚಂದ್ರ ತನ್ನ ವ್ಯಾಕರಣದಲ್ಲಿ ಇದಕ್ಕೆ ಸೂತ್ರವನ್ನೇ ಬರೆದಿದ್ದಾನೆ. ಮೇಲಿನದು 'ಉವರಿಲ್ಲ', ಕೆಳಗಿನದು 'ಹೆಟ್ಠಿಲ್ಲ'. ಜೈನ ಅರ್ಧಮಾಗಧಿಯ ಗ್ರಂಥಗಳಲ್ಲಿ ಈ ಪ್ರತ್ಯಯ ಭೂತಕೃದಂತಗಳಿಗೂ ಹತ್ತತೊಡಗಿದ್ದು ಕಾಣುತ್ತದೆ. ಗತ ಎಂಬುದು ಗಅ ಎಂದು ಸವೆದ ಮೇಲೆ ಕೃದಂತವನ್ನು ಗುರುತಿಸುವ ವ್ಯಂಜನವೇ ಉಳಿಯಲಿಲ್ಲ. ಅದಕ್ಕೆ 'ಇಲ್ಲ'ವನ್ನು ಆನಿಸಿದಾಗ ಗಇಲ್ಲ, ಮುಂದೆ ಗೇಲಾ. ಕೃತದಿಂದ ಕೇಲಾ, ಮೃತದಿಂದ ಮೇಲಾ, ಆಗತದಿಂದ ಆಲಾ.

ಈ ಪಂಥದ ಅತಿ ಬಲವಾದ ಪುರಾವೆ ಮುಂಬೈಗರ ಕಿವಿಗೆ ದಿನವೂ ಬೀಳುತ್ತದೆ. ಲೋಕಲ್ ರೈಲಿನಲ್ಲಿ ಮುಂದಿನ ನಿಲ್ದಾಣವನ್ನು ಸಾರುವಾಗ ಮರಾಠಿಯಲ್ಲಿ ಕೇಳುವ 'ಪುಢೀಲ' ಎಂಬ ವಿಶೇಷಣದ ಕೊನೆಯಲ್ಲಿರುವುದು ಅದೇ 'ಇಲ್ಲ'ದ ಉಳಿಕೆ. ವರಲಾ, ಆತಲಾ, ಮಾಗಲಾ, ಪಹಿಲಾ ಎಂಬ ಪದಗಳಲ್ಲೂ ಅದೇ ಲಕಾರ. ಇವು ಯಾವುವೂ ಕ್ರಿಯಾಪದಗಳಲ್ಲ, ಇವುಗಳಲ್ಲಿ ಭೂತಕಾಲದ ಗಂಧವೂ ಇಲ್ಲ. ಲಕಾರದ ಹುಟ್ಟುಗುಣ ಕಾಲವನ್ನು ಹೇಳುವುದಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಗೇಲಾ, ಗೇಲೀ, ಗೇಲಂ ಎಂದು ಅದು ಲಿಂಗಕ್ಕೆ ತಕ್ಕಂತೆ ಬದಲಾಗುವುದು ವಿಶೇಷಣ ಬದಲಾಗುವಂತೆಯೇ. ಅವನು ಚಪಾತಿ ತಿಂದ ಎನ್ನುವಲ್ಲಿ ಮರಾಠಿ 'ತ್ಯಾನೇ ಪೋಳೀ ಖಾಲ್ಲೀ' ಎಂದು ಕ್ರಿಯಾಪದವನ್ನು ತಿಂದವನ ಬದಲು ಪೋಳಿಗೆ ಹೊಂದಿಸುತ್ತದೆ. 'ಅವನಿಂದ ತಿನ್ನಲ್ಪಟ್ಟದ್ದು' ಎಂಬ ಹಳೆಯ ಕೃದಂತದ ಜಾಯಮಾನ ಅಲ್ಲಿ ಇನ್ನೂ ಜೀವಂತವಾಗಿದೆ.

ಸ್ಲಾವಿಕ್ ಭಾಷೆಗಳಲ್ಲಿಯೂ ಭೂತಕಾಲದ ಗುರುತು ಲಕಾರವೇ. ರಷ್ಯನ್ನಿನಲ್ಲಿ 'ಇದ್ದ' ಎಂಬುದಕ್ಕೆ 'ಬಿಲ್', ಹೆಣ್ಣಾದರೆ 'ಬಿಲಾ'. 19ನೇ ಶತಮಾನದ ತೌಲನಿಕರ ಕಣ್ಣಿಗೆ ಈ ಹೋಲಿಕೆ ಬಿದ್ದಿತ್ತು. ಎರಡಕ್ಕೂ ಒಂದೇ ತಾಯಿಬೇರು ಇರಬಹುದೇ? ಹಾಗೆ ನಂಬಲು ಆಧಾರವಿಲ್ಲ. ವೇದದಿಂದ ಪಾಲಿಯವರೆಗೆ ಭಾರತದಲ್ಲಿ ಲಕಾರದ ಭೂತಕಾಲದ ಕುರುಹಿಲ್ಲ. ಬರಿಯ ಹೋಲಿಕೆಯನ್ನು ನಂಬುವುದಾದರೆ ಇಂಗ್ಲಿಷಿನ ದುರ್ಬಲ ಕ್ರಿಯಾಪದದ ದಕಾರಕ್ಕೂ ವ್ಯಾಕರಣಕಾರ ಕೇಶಿರಾಜ ಹೇಳಿದ ಕನ್ನಡದ ಭೂತಕಾಲದ ದಕಾರಕ್ಕೂ ನಂಟು ಕಟ್ಟಬೇಕಾಗುತ್ತದೆ. ಸ್ಲಾವಿಕ್ ಉದಾಹರಣೆಯ ಬೆಲೆ ಬೇರೆ ಕಡೆ ಇದೆ: ವಿಶೇಷಣದ ಪ್ರತ್ಯಯವೊಂದು ಭೂತಕಾಲದ ಹುದ್ದೆಗೆ ಏರುವುದು ಲೋಕದಲ್ಲಿ ನಡೆಯದ ಸಂಗತಿಯಲ್ಲ ಎಂದು ಅದು ತೋರಿಸುತ್ತದೆ.

ಮೂರನೆಯ ಪಂಥ: ಹೊರವಲಯದ ಭಾಷೆಗಳು

ಲಕಾರದ ಭೂತಕಾಲ ಮರಾಠಿ ಮತ್ತು ಕೊಂಕಣಿಯಲ್ಲಿದೆ. ಮಧ್ಯದ ಹಿಂದಿ, ಪಂಜಾಬಿಗಳನ್ನು ದಾಟಿ ಪೂರ್ವಕ್ಕೆ ಹೋದರೆ ಭೋಜಪುರಿ, ಮೈಥಿಲಿ, ಬಂಗಾಳಿ, ಒಡಿಯಾ, ಅಸ್ಸಾಮಿಗಳಲ್ಲಿ ಮತ್ತೆ ಸಿಗುತ್ತದೆ. ಹೋರ್ನ್ಲೆ ಎರಡು ಅಲೆಗಳ ವಲಸೆಯ ಊಹೆ ಮುಂದಿಟ್ಟಿದ್ದ. ಗ್ರಿಯರ್ಸನ್ ಅದನ್ನು ಬೆಳೆಸಿ, ಆರ್ಯಭಾಷೆಗಳಲ್ಲಿ ಒಳವಲಯ, ಹೊರವಲಯ ಎಂಬ ಎರಡು ಕುಲಗಳಿವೆಯೆಂದೂ ಲಕಾರ ಹೊರವಲಯದ ಕುಲಚಿಹ್ನೆಯೆಂದೂ ವಾದಿಸಿದ. ಚಟರ್ಜಿ ಇದನ್ನು ಒಂದೊಂದಾಗಿ ಖಂಡಿಸಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮೂಲೆಗೆ ಬಿದ್ದಿದ್ದ ಈ ವಾದವನ್ನು ಫ್ರಾಂಕ್ಲಿನ್ ಸೌತ್‌ವರ್ತ್ 2005ರ ತಮ್ಮ ಪುಸ್ತಕದಲ್ಲಿ ಹೊಸ ಸಾಮಗ್ರಿಯೊಂದಿಗೆ ಮತ್ತೆ ಎತ್ತಿದರು.

ಈ ಪಂಥದ ಬಲ ಭೂಪಟ. ಎಲ್ಲರಿಗೂ ಸಿಗುತ್ತಿದ್ದ ಪ್ರತ್ಯಯವನ್ನು ಪಡುವಣ ಮೂಡಣದವರು ಮಾತ್ರ ಏಕೆ ಆರಿಸಿಕೊಂಡರು ಎಂಬ ಅದರ ಪ್ರಶ್ನೆ ನ್ಯಾಯವಾದದ್ದು. ಆದರೆ ಅದರ ಉತ್ತರ ಪ್ರಶ್ನೆಗಿಂತ ದೊಡ್ಡದಾಗಿಬಿಟ್ಟಿದೆ. ಗತ ಸವೆದಾಗ ಹಿಂದಿಯೂ ಸುಮ್ಮನೆ ಕೂರಲಿಲ್ಲ. ಅದು 'ಕ' ಪ್ರತ್ಯಯ ಸೇರಿದ ಗತಕ ಎಂಬ ರೂಪದಿಂದ ಗಯಾ ಪಡೆಯಿತು, ವಿಶೇಷಣವಾಗಿ ಬೇಕಾದಾಗ 'ಗಯಾ ಹುಆ' ಎಂದು ಆಸರೆ ಕೊಟ್ಟಿತು. ಗುಜರಾತಿ ಎರಡನ್ನೂ ಇಟ್ಟುಕೊಂಡಿದೆ. ಅಂದರೆ ನಮ್ಮ ಮುಂದಿರುವುದು ಒಂದೇ ಕಷ್ಟಕ್ಕೆ ಬೇರೆಬೇರೆ ಊರುಗಳು ಕಂಡುಕೊಂಡ ಉಪಾಯಗಳ ಸಾಲು. ನಡುವೆ ಗುಜರಾತಿಯಂಥ ಎರಡೂ ದಾರಿಯ ಭಾಷೆ ಇರುವಾಗ ಗೋಡೆಯೆಳೆದು ಎರಡು ಕುಲ ಮಾಡುವುದು ಕಷ್ಟ. ಇದೊಂದೇ ಲಕ್ಷಣವಲ್ಲ, ಹಲವು ಲಕ್ಷಣಗಳ ಗುಚ್ಛವಿದೆ ಎಂಬುದು ಹೊರವಲಯದವರ ಮರುವಾದ. ಆಗ ಲಕಾರ ಆ ಗುಚ್ಛದಲ್ಲಿ ಒಂದು ಪೋಷಕ ಸಾಕ್ಷಿಯಷ್ಟೇ ಆಗುತ್ತದೆ. ಅದರ ಮೇಲೆ ಮಾತ್ರ ತೀರ್ಪು ಕೊಡಲಾಗದು.

ನಾಲ್ಕನೆಯ ಪಂಥ: ದ್ರಾವಿಡ ನೆರೆ

ಮರಾಠಿಯ ಮೈಕಟ್ಟಿನಲ್ಲಿ ಕನ್ನಡದ ಪಾಲು ದೊಡ್ಡದೆಂದು ಶಂಬಾ ಜೋಶಿಯವರಿಂದ ಹಿಡಿದು ಹಲವರು ವಾದಿಸಿದ್ದಾರೆ. ಲಕಾರದ ವಿಷಯಕ್ಕೆ ಬಂದರೆ ಈ ವಾದವನ್ನು ಎಚ್ಚರದಿಂದ ಅಳೆಯಬೇಕು. ಪ್ರಾಕೃತದ 'ಇಲ್ಲ' ಪ್ರತ್ಯಯವನ್ನು ಕನ್ನಡದ್ದೆನ್ನಲು ಹುರುಳಿರುವ ಪುರಾವೆಯಿಲ್ಲ. ಆದರೆ ಆ ಪ್ರತ್ಯಯವನ್ನು ಬಳಸುವ ರೀತಿಯಲ್ಲಿ ಸಾಮ್ಯ ಇದೆ. ಕನ್ನಡದ 'ಮಾಡಿದ' ಎಂಬುದು ನಾಮಪದಕ್ಕೆ ಮೊದಲು ನಿಂತು 'ಮಾಡಿದ ಕೆಲಸ' ಎಂದೂ ಆಗುತ್ತದೆ, ವಾಕ್ಯದ ಕೊನೆಯಲ್ಲಿ ನಿಂತು 'ಅವನು ಮಾಡಿದ' ಎಂದೂ ಆಗುತ್ತದೆ. ಮರಾಠಿಯ 'ಕೇಲೇಲಂ ಕಾಮ್' ಮತ್ತು 'ಕಾಮ್ ಕೇಲಂ' ಇವೆರಡೂ ಅದೇ ಜೋಡಿ. 'ಯಾವ ಕೆಲಸವೋ ಅದು' ಎಂದು ಸುತ್ತಿ ಹೇಳುವ ಉತ್ತರದ ರೂಢಿಯ ಬದಲು ಕೃದಂತವನ್ನು ನಾಮಪದಕ್ಕೆ ಮೊದಲು ಇಟ್ಟು ಮುಗಿಸುವುದು ಮರಾಠಿಗೆ ಬಹಳ ಇಷ್ಟ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಪದಗಳನ್ನು ಬೇರೆಯಾಗಿ ಉಳಿಸಿಕೊಂಡು ವಾಕ್ಯದ ಕಟ್ಟನ್ನು ಹೆಚ್ಚುಕಡಿಮೆ ಒಂದೇ ಮಾಡಿಕೊಂಡದ್ದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರ ತಮ್ಮ ಅಧ್ಯಯನದಲ್ಲಿ ತೋರಿಸಿದರು. ಒಡಲು ಪ್ರಾಕೃತದ್ದು, ನಡಿಗೆಯಲ್ಲಿ ನೆರೆಯ ಪಾಲು ಇರಬಹುದು ಎಂದರೆ ಸಾಕು. ಪೂರ್ವದ ಬಂಗಾಳಿ, ಅಸ್ಸಾಮಿಗಳ ಲಕಾರವನ್ನು ಕನ್ನಡದ ನೆರೆ ವಿವರಿಸಲಾರದು.

ಬಳಕೆಯ ಹಾದಿ

ಹೆಚ್ಚು ಬಳಸುವ ಪದ ಹಳೆಯ ರೂಪವನ್ನು ಬಿಡುವುದಿಲ್ಲ, ಅಪರೂಪದ ಪದ ಬೇಗ ನಿಯಮಕ್ಕೆ ಬೀಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಮುನ್ನೂರಕ್ಕೂ ಹೆಚ್ಚಿದ್ದ ಬಲ ಕ್ರಿಯಾಪದಗಳು ಕರಗುತ್ತ ಬಂದದ್ದು ಹೀಗೆಯೇ. ಕನ್ನಡದಲ್ಲಿ ಕೊಡು-ಕೊಟ್ಟ, ತರು-ತಂದ, ಸಾಯು-ಸತ್ತ ಉಳಿದಿರುವುದಕ್ಕೂ ಮರಾಠಿಯಲ್ಲಿ ಮಾಡು, ಹೋಗು, ಬಾ, ಕೊಡು, ಸಾಯಿ ಎಂಬ ದಿನಬಳಕೆಯ ಕ್ರಿಯೆಗಳೇ ಕೇಲಾ, ಗೇಲಾ, ಆಲಾ, ದಿಲಾ, ಮೇಲಾ ಎಂದು ಗಟ್ಟಿಯಾಗಿ ನಿಂತಿರುವುದಕ್ಕೂ ಕಾರಣ ಒಂದೇ. ಎದುರು ದಿಕ್ಕಿನ ಪ್ರಯಾಣವೂ ಉಂಟು. ಇಂಗ್ಲಿಷಿನಲ್ಲಿ 'ವೇರ್' ಮೂಲದಲ್ಲಿ ದುರ್ಬಲವಾಗಿದ್ದು ಆಮೇಲೆ 'ವೋರ್' ಆಯಿತು. ಮರಾಠಿಯಲ್ಲಿಯೂ ಘೇತಲಾದ ಜೊತೆಗೆ ಸಾಂಗಿತಲಾ, ಮಾಗಿತಲಾ, ಬಘಿತಲಾ ಎಂದು ತಕಾರ ಸೇರಿದ ಒಂದು ಸಣ್ಣ ಬಳಗವಿದೆ.

ಕಾಲ ಹೇಳುವ ಕೆಲಸವನ್ನೂ ಈ ರೂಪಗಳು ಆಗಾಗ ಮೀರುತ್ತವೆ. ಕರೆದಾಗ ಇನ್ನೂ ಒಳಗಿರುವ ಕನ್ನಡಿಗ 'ಬಂದೆ, ಬಂದೆ' ಎನ್ನುವಂತೆ ಮರಾಠಿಗ 'ಆಲೋ, ಆಲೋ' ಎನ್ನುತ್ತಾನೆ. ಗಾಬರಿಯಾದಾಗ ನಾವು 'ಸತ್ತೆ' ಎಂದರೆ ಅವರು 'ಮೇಲೋ' ಎನ್ನುತ್ತಾರೆ. ಮೇಲ್ಯಾ ಎಂಬುದು ಬೈಗುಳವೂ ಹೌದು, ಸಲಿಗೆಯ ಕರೆಯೂ ಹೌದು. ಹಾಗೆಯೇ ಎಲ್ಲ ಲಕಾರವೂ ಭೂತಕಾಲದ್ದಲ್ಲ. ಮರಾಠಿಯ 'ಕರೀಲ' ಎಂದರೆ 'ಮಾಡುವನು', ಭೋಜಪುರಿಯ 'ಜಾಲಾ' ಎಂದರೆ 'ಹೋಗುತ್ತಾನೆ'. ಅಕ್ಷರ ಒಂದಾದ ಮಾತ್ರಕ್ಕೆ ಮೂಲ ಒಂದೆನ್ನುವ ಅವಸರಕ್ಕೆ ಇವು ತಡೆ.

ಬೀದಿಯ 'ಗಯೇಲಾ'

ಬಂಬೈಯಾ ಹಿಂದಿಯ ಗಯೇಲಾ, ಆಯೇಲಾ, ಕರೇಲಾ, ಫಟೇಲಾ ರೂಪಗಳು 'ಅಮರ್ ಅಕ್ಬರ್ ಆಂಥೋನಿ' (1977), 'ರಂಗೀಲಾ' (1995), 'ಮುನ್ನಾಭಾಯಿ ಎಂಬಿಬಿಎಸ್' (2003) ಮುಂತಾದ ಚಿತ್ರಗಳಲ್ಲಿನ ಬೀದಿ ಪುಂಡರ 'ಟಪೋರಿ' ಮಾತಿನೊಂದಿಗೆ ದೇಶಕ್ಕೆಲ್ಲ ಪರಿಚಯವಾದವು. ಮುಂಬೈಯ ಹಿಂದಿ-ಉರ್ದು ಸಂಪರ್ಕಭಾಷೆಯಾಗಿ ಹೇಗೆ ಸರಳವಾಯಿತು ಎಂಬುದನ್ನು ಮಹಾದೇವ ಆಪ್ಟೆ 1974ರಲ್ಲಿ ಭಾಷಾಶಾಸ್ತ್ರದ ಕಣ್ಣಿನಿಂದ ವಿಶ್ಲೇಷಿಸಿದರು. ಗಯೇಲಾದ ಮೂಲಕ್ಕೆ ಮೂವರು ಹಕ್ಕುದಾರರು: ಮರಾಠಿಯ ಗೇಲೇಲಾ, ಗುಜರಾತಿಯ ಗಯೇಲೊ, ಭೋಜಪುರಿಯ ಗಇಲ್.

ರೂಪವನ್ನು ಮಾತ್ರ ನೋಡಿದರೆ ಗುಜರಾತಿಯ ಪಕ್ಷ ಬಲವಾಗಿದೆ. ಮಾಡು ಎಂಬುದಕ್ಕೆ ಮರಾಠಿಯ ಕೃದಂತ 'ಕೇಲೇಲಾ', ಗುಜರಾತಿಯದು 'ಕರೇಲೊ'. ಬೀದಿಯ ಮಾತು 'ಕರೇಲಾ'. ಧಾತುವಿಗೆ ನೇರವಾಗಿ 'ಏಲ' ಹತ್ತಿಸುವ ಅಚ್ಚು ಗುಜರಾತಿಯದೇ. ವ್ಯಾಪಾರದ ಮುಂಬೈ ಬೆಳೆದದ್ದು ಗುಜರಾತಿ ಆಡುವ ಪಾರ್ಸಿ, ಬೋಹ್ರಾ, ಖೋಜಾ, ಬನಿಯಾ ವರ್ತಕರ ಸುತ್ತ ಎಂಬ ಇತಿಹಾಸವೂ ಇದಕ್ಕೆ ಒದಗುತ್ತದೆ. ಮರಾಠಿಯ ಬಸಲೇಲಾ, ತುಟಲೇಲಾಗಳನ್ನು ಕೇಳಿದ ಹೊರನಾಡಿಗ ಕೊನೆಯ 'ಏಲಾ'ವನ್ನು ಮಾತ್ರ ಕಿತ್ತು ಹಿಂದಿಯ ಧಾತುವಿಗೆ ಅಂಟಿಸಿರಬಹುದಲ್ಲ ಎಂಬುದು ಇದಕ್ಕೆ ಬರುವ ಆಕ್ಷೇಪ. ಅದು ಅಸಾಧ್ಯವೇನಲ್ಲ. ಕೊನೆಯ ಆಕಾರವೂ ಗುಜರಾತಿಯ ಒಕಾರದಂತಿರದೆ ಮರಾಠಿ, ಹಿಂದಿಗಳಂತಿದೆ. ಆದರೂ ಹಾಗೆ ಕಿತ್ತುಕೊಳ್ಳುವಾಗ ಒಂದು ಲಕಾರ ಏಕೆ ಬಿದ್ದುಹೋಯಿತು ಎಂದು ಮರಾಠಿ ಪಕ್ಷ ಹೇಳಬೇಕಾಗುತ್ತದೆ. ಗುಜರಾತಿ ಪಕ್ಷಕ್ಕೆ ಆ ಹೊರೆಯಿಲ್ಲ. ಅಚ್ಚು ಗುಜರಾತಿಯದು; ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಿಗಾವಿನ, ಕೊಂಕಣದಿಂದ ಬಂದ ಕಾರ್ಮಿಕರ ಮರಾಠಿ ಅದನ್ನು ಉಳಿಸಿ ಬೆಳೆಸಿತು; ಆಮೇಲೆ ಬಂದ ಭೋಜಪುರಿಯವರ ಕಿವಿಗೂ ಲಕಾರ ಪರಕೀಯವೆನಿಸಲಿಲ್ಲ. ಇದೇ ನನಗೆ ಹೆಚ್ಚು ಸಮಂಜಸವಾಗಿ ತೋರುವ ಚಿತ್ರ. 'ನೇ' ವಿಭಕ್ತಿಯನ್ನೂ ಲಿಂಗದ ಹೊಂದಾಣಿಕೆಯನ್ನೂ ಸಡಿಲಿಸಿಬಿಡುವ ಈ ಮಾತು, ಅವೆರಡೂ ಈ ಬಗೆಯಲ್ಲಿ ಇಲ್ಲದ ಭಾಷೆಗಳಿಂದ ಬಂದ ಕನ್ನಡಿಗ, ತುಳುವರಿಗೂ ನಾಲಿಗೆಗೆ ಸುಲಭ.

ಇತ್ಯರ್ಥವಾಗದೆ ಉಳಿದದ್ದು

ಲಕಾರದ ಒಡಲು ಪ್ರಾಕೃತದ 'ಇಲ್ಲ' ಎಂಬುದು ಈಗ ಬಹುಮಟ್ಟಿಗೆ ನೆಲೆಗೊಂಡ ಮಾತು. ಉಳಿದಿರುವ ಪ್ರಶ್ನೆಗಳು ನಾಲ್ಕು. ಪಡುವಣ ಮೂಡಣದ ಭಾಷೆಗಳು ಇದನ್ನು ಬೇರೆಬೇರೆಯಾಗಿ ಆರಿಸಿಕೊಂಡವೋ, ಒಂದು ಕಾಲದ ಒಡನಾಟದಲ್ಲಿ ಹಂಚಿಕೊಂಡವೋ? ಕರೀಲದ ಲಕಾರಕ್ಕೂ ಕೇಲಾದ ಲಕಾರಕ್ಕೂ ನಂಟಿದೆಯೋ ಇಲ್ಲವೋ? ಸಾಂಗಿತಲಾ ಬಳಗದ ತಕಾರ ಹಳೆಯ ಕೃದಂತದ ಉಳಿಕೆಯೋ, ಘೇತಲಾವನ್ನು ನೋಡಿ ಕಲಿತದ್ದೋ? ಗಯೇಲಾ ಯಾವ ದಶಕದಲ್ಲಿ, ಯಾವ ಕೇರಿಯಲ್ಲಿ ಮೊದಲು ಬಾಯಿಗೆ ಬಂತು? ಮೊದಲ ಮೂರಕ್ಕೆ ಹೊಸ ಪ್ರಾಕೃತ ಪಠ್ಯಗಳು, ಹೊಸ ಶಾಸನಗಳು ಬೇಕು. ಕೊನೆಯದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಪಾರ್ಸಿ ರಂಗಭೂಮಿಯ ಹಳೆಯ ನಾಟಕದ ಪುಸ್ತಕಗಳು, ಗುಜರಾತಿ ಮತ್ತು ಮರಾಠಿ ಪತ್ರಿಕೆಗಳ ಹಾಸ್ಯದ ಅಂಕಣಗಳು, ಗಿರಣಿ ಸಂಘಗಳ ಕರಪತ್ರಗಳು ಮುಂಬೈಯ ಗ್ರಂಥಾಲಯಗಳಲ್ಲಿ ಹುಡುಕುವವರನ್ನು ಕಾಯುತ್ತಿವೆ. ಮರಾಠಿ, ಕೊಂಕಣಿ, ಹಿಂದಿಗಳ ನಡುವೆ ಬದುಕುತ್ತ ತಾವು ಇದಾವುದೂ ಅಲ್ಲದ ಭಾಷೆಯಿಂದ ಬಂದ ಮುಂಬೈ ಕನ್ನಡಿಗ ವಿದ್ಯಾರ್ಥಿಗಳಿಗೆ ಈ ಕೆಲಸಕ್ಕೆ ಬೇಕಾದ ಕಿವಿಯೂ ಇದೆ, ಯಾರ ಪಕ್ಷವನ್ನೂ ಹಿಡಿಯದಿರುವ ಅನುಕೂಲವೂ ಇದೆ. ಅವರು ಇದನ್ನು ಕೈಗೆತ್ತಿಕೊಳ್ಳಬೇಕು.